ನೆಲದಡಿಯ ಪಾದರಸ

ಆ ಶಾಲೆಯ ಮಕ್ಕಳು ಅವಳನ್ನು ಮೋಡದ ಮಿಸ್ ಎನ್ನುತ್ತಿದ್ದರು. ಪಾಠ ಹೇಳುವ ಮಿಸ್ ಅಲ್ಲ ಅವಳು. ವಿಜ್ಞಾನ ವಿಭಾಗದ ಲ್ಯಾಬ್ ನೋಡಿಕೊಳ್ಳುವವಳು. ಪ್ರಯೋಗಕ್ಕೆ ಬೇಕಾದ ದ್ರಾವಣ ಕಲಸಿಡುವುದು, ಗಾಜಿನ ಸಾಮಾನು ತೊಳೆದು ಬೋರಲು ಹಾಕುವುದು, ಇವೆಲ್ಲಕ್ಕಿಂತ ಮುಖ್ಯವಾಗಿ ಅಪಾಯದ ರಾಸಾಯನಿಕಗಳ ರಿಜಿಸ್ಟರು ಬರೆದಿಡುವುದು ಅವಳ ಕೆಲಸ. ಮಾತಾಡುತ್ತಿದ್ದಂತೆಯೇ ಅವಳ ಕಣ್ಣು ಕಿಟಕಿಯಾಚೆ ಜಾರಿ ಮಾತು ಅರ್ಧಕ್ಕೇ ನಿಂತುಬಿಡುತ್ತಿತ್ತು. ಮಕ್ಕಳು ಬೀಕರು ಹಿಡಿದುಕೊಂಡು ಸುಮ್ಮನೆ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳು ಮರಳಿ ಬಂದು, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಅವರನ್ನೇ ಕೇಳುತ್ತಿದ್ದಳು. ಅವರು ನಗದೆ ಹೇಳಿಕೊಡುತ್ತಿದ್ದರು.

ಲ್ಯಾಬಿನ ಹಿಂದೆ ಉದ್ದನೆಯ ಒಂದು ಕೋಣೆ. ರಾಸಾಯನಿಕಗಳೆಲ್ಲ ಇರುವುದು ಅಲ್ಲಿ. ಕಟ್ಟಡ ಹಳೆಯದು, ನೆಲಕ್ಕೆ ಮರದ ಹಲಗೆ ಹಾಸಿತ್ತು. ನಡೆದರೆ ಒಂದೊಂದು ಹಲಗೆ ಒಂದೊಂದು ದನಿಯಲ್ಲಿ ಗೊಣಗುತ್ತಿತ್ತು. ಎತ್ತರದ ಎರಡು ಕಿಟಕಿಗಳನ್ನು ಅವಳು ಚಳಿಯಿರಲಿ, ಬಿಸಿಲಿರಲಿ, ತೆರೆದೇ ಇಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಕಪಾಟುಗಳ ಮೇಲೆ ಬಿದ್ದರೆ ಮೈಲುತುತ್ತದ ನೀಲಿ, ಅಯೋಡಿನ್ ಮುಚ್ಚಳದ ಸುತ್ತ ಅಂಟಿದ ನೇರಳೆ, ಕಂದು ಬಾಟಲಿಗಳೊಳಗಿನ ಕಪ್ಪುಗೆಂಪು, ಎಲ್ಲ ಸಣ್ಣಗೆ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಎಣ್ಣೆಯಲ್ಲಿ ಮುಳುಗಿ ಮಲಗಿದ ಸೋಡಿಯಂ ತುಂಡುಗಳಿಗೆ ಎಣ್ಣೆ ಸಾಕಷ್ಟಿದೆಯೇ ಎಂದು ನೋಡುವಾಗ ಮಲಗಿದ ಮಗುವಿನ ಹೊದಿಕೆ ಸರಿಮಾಡಿದ ಹಾಗೆ ಅನ್ನಿಸುತ್ತಿತ್ತು ಅವಳಿಗೆ. ಅಮೋನಿಯಾ, ಹೈಡ್ರೋಕ್ಲೋರಿಕ್ ಆಮ್ಲ ಎರಡನ್ನೂ ಅಕ್ಕಪಕ್ಕ ಇಟ್ಟರೆ ಸುತ್ತಲಿನ ಬಾಟಲಿಗಳ ಮೇಲೆಲ್ಲ ಬಿಳಿ ಪುಡಿ ಕೂರುತ್ತದೆ. ಅವೆರಡನ್ನು ದೂರ ಇಡುವಾಗ, ಆಗದವರ ಮನೆಯಲ್ಲಿ ಊಟದೆಲೆ ದೂರ ಹಾಕಿದಂತೆ ಎಂದುಕೊಂಡು ಒಬ್ಬಳೇ ನಗುತ್ತಿದ್ದಳು.

ರಿಜಿಸ್ಟರಿನಲ್ಲಿ ಪ್ರತಿಯೊಂದಕ್ಕೂ ಒಂದು ಪುಟ. ಹೆಸರು, ಎಷ್ಟಿದೆ, ಯಾವ ಕಪಾಟು, ಯಾವ ಥರದ ಅಪಾಯ, ಯಾವಾಗ ಬಂತು, ಯಾವಾಗ ಹೋಯಿತು. ಅವಳ ಮನಸ್ಸು ಎಲ್ಲೆಲ್ಲಿ ಅಲೆದರೂ ಆ ಪುಟಗಳಲ್ಲಿ ಒಂದು ಅಂಕಿ ತಪ್ಪಿದ್ದಿಲ್ಲ. ಅದು ಹೇಗೆ ಎಂದು ವಿಭಾಗದ ಮುಖ್ಯಸ್ಥೆಗೆ ಯಾವಾಗಲೂ ಆಶ್ಚರ್ಯ. ಈ ಮೇಡಂ ರಸಾಯನಶಾಸ್ತ್ರ ಕಲಿಸುವವರು, ಗಟ್ಟಿ ಹೆಂಗಸು, ಅವಳಿಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು. ಅವಳ ಅರ್ಧ ಮಾತುಗಳನ್ನು ತಾವೇ ಮುಗಿಸುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು.

ಆ ಸಲ ರಜೆಯಲ್ಲಿ ವರ್ಷದ ಲೆಕ್ಕ ತೆಗೆಯುತ್ತಿದ್ದಳು. ಶಾಲೆ ಖಾಲಿ. ದೂರದ ಹಜಾರದಲ್ಲಿ ಯಾರೋ ಬೆಂಚು ಎಳೆಯುವ ಸದ್ದು ಬಿಟ್ಟರೆ ಎಲ್ಲೆಲ್ಲೂ ಮೌನ. ತೂಕ ಮಾಡುತ್ತಿದ್ದಾಗ ಹಿತ್ತಾಳೆಯ ಸಣ್ಣ ತೂಕದ ಬಟ್ಟೊಂದು ಬೆರಳಿನಿಂದ ಜಾರಿತು. ಅವಸರವಿಲ್ಲದೆ ಉರುಳುತ್ತಾ ಉರುಳುತ್ತಾ ಹೋಗಿ ಕಿಟಕಿಯ ಕೆಳಗಿನ ಹಲಗೆ ಸಂದಿಯಲ್ಲಿ ಮಾಯವಾಯಿತು. ಅವಳು ಮಂಡಿಯೂರಿ ಕೂತು ಹಲಗೆ ಅಲ್ಲಾಡಿಸಿದಳು. ಮೊಳೆ ಸಡಿಲವಾಗಿತ್ತು, ಹಲಗೆ ಮೇಲೆ ಬಂತು. ಮೊಬೈಲಿನ ಬೆಳಕು ಬಿಟ್ಟಳು.

ಕೆಳಗೆ ಬೂದು ಧೂಳು. ಆ ಧೂಳಿನ ತುಂಬ ಬೆಳ್ಳಿಯ ಹನಿಗಳು. ಸಾಸಿವೆಯಷ್ಟು ಕೆಲವು, ಬಟಾಣಿಯಷ್ಟು ಕೆಲವು. ಬೆಳಕು ಹರಿದಾಡಿದ ಕಡೆಯೆಲ್ಲ ಅವು ಒಂದೊಂದಾಗಿ ಕಣ್ಣುಬಿಡುತ್ತಿದ್ದವು. ಆಚೆ ಸರಿಸಿದರೆ ಮುಚ್ಚಿಕೊಳ್ಳುತ್ತಿದ್ದವು. ತಾನು ಇಷ್ಟು ವರ್ಷ ನಡೆದಾಡಿದ್ದು ನೆಲದ ಮೇಲಲ್ಲ, ಒಂದು ಆಕಾಶದ ಮೇಲೆ ಅನ್ನಿಸಿತು ಅವಳಿಗೆ. ಹಲಗೆಯ ಮೇಲೆ ಕೆನ್ನೆಯಿಟ್ಟು ನೋಡುತ್ತಲೇ ಇದ್ದಳು. ಎಷ್ಟು ಹೊತ್ತೋ. ಹೊರಗೆ ಒಂದು ಮೋಡ ಸರಿದು ಕೋಣೆ ಮಂಕಾದಾಗ, ಯಾರೋ ಭುಜ ಹಿಡಿದು ಅಲುಗಿಸಿದಂತೆ ಎಚ್ಚರವಾಯಿತು. ಪಾದರಸ.

ಪಾದರಸದ ಪುಟಕ್ಕೆ ಅವಳೇ ಅಡ್ಡಗೆರೆ ಎಳೆದು ವರ್ಷಗಳಾಗಿದ್ದವು. ಹಳೆಯ ಥರ್ಮಾಮೀಟರುಗಳನ್ನೆಲ್ಲ ತೆಗೆದು ಕೆಂಪು ದ್ರವದವು ಬಂದಾಗ, ಉಳಿದಿದ್ದ ಕೊನೆಯ ಬಾಟಲಿಯನ್ನು ತ್ಯಾಜ್ಯದವರ ಕೈಗೆ ಕೊಟ್ಟು, ‘ಇಲ್ಲ’ ಎಂದು ಬರೆದಿದ್ದಳು. ಬರೆದದ್ದು ಕಪಾಟಿನ ಮಟ್ಟಿಗೆ ನಿಜವೇ. ನೆಲದ ಕೆಳಗೆ ನೋಡಬೇಕೆಂದು ಯಾರಿಗೆ ಹೊಳೆದೀತು. ಹಲಗೆಯನ್ನು ಮೆಲ್ಲಗೆ ಮೊದಲಿನಂತೆ ಇಟ್ಟು, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಕಿಟಕಿಗಳನ್ನು ಇನ್ನಷ್ಟು ಅಗಲಕ್ಕೆ ತೆರೆದು, ಬಾಗಿಲಿಗೆ ಬೀಗ ಹಾಕಿ ಬರಿಗಾಲಲ್ಲಿ ಮೇಡಂ ಕೋಣೆಗೆ ಹೋದಳು.

ಮೇಡಂ ಮೊದಲು ಅವಳ ಕಾಲು ನೋಡಿದರು, ಆಮೇಲೆ ಮುಖ. ವಿಷಯ ಕೇಳಿ ಯಾರನ್ನೂ ಬೈಯಲಿಲ್ಲ. ಬೈಯುವುದಕ್ಕೆ ಯಾರಿದ್ದರು? ಆ ಕೋಣೆಯೇ ಒಂದು ಕಾಲಕ್ಕೆ ತರಗತಿಯಾಗಿತ್ತು. ಒಂದು ತಲೆಮಾರಿನ ಮಕ್ಕಳು ಪಾದರಸವನ್ನು ಅಂಗೈ ಮೇಲೆ ಉರುಳಿಸಿ ಆಡಿದ್ದರು, ಥರ್ಮಾಮೀಟರು ಒಡೆದರೆ ಮೇಷ್ಟ್ರು ಪೊರಕೆ ತೆಗೆದುಕೊಂಡು ಗುಡಿಸುತ್ತಿದ್ದರು. ಸಂದಿಗೆ ಬಿದ್ದದ್ದು ಸಂದಿಯಲ್ಲೇ ಉಳಿಯಿತು. ಅದು ವಿಷವೆಂದು ಆಗ ಯಾರೂ ಅಷ್ಟಾಗಿ ಯೋಚಿಸುತ್ತಿರಲಿಲ್ಲ. ತಾವೂ ಹುಡುಗಿಯಾಗಿದ್ದಾಗ ಚಿನ್ನದ ಉಂಗುರಕ್ಕೆ ಪಾದರಸ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಅಮ್ಮನಿಂದ ಏಟು ತಿಂದಿದ್ದನ್ನು ಮೇಡಂ ನೆನೆಸಿಕೊಂಡರು.

ಮರುದಿನ ಅಳತೆ ಯಂತ್ರ ಹಿಡಿದುಕೊಂಡು ಇಬ್ಬರು ಬಂದು, ಕಿಟಕಿಗಳನ್ನು ಕೆಲವು ಗಂಟೆ ಮುಚ್ಚಿಟ್ಟು ಅಳೆದರು. ಗಾಳಿಯಲ್ಲಿ ಎಷ್ಟಿರಬಹುದೋ ಅದಕ್ಕಿಂತ ಹೆಚ್ಚೇ ಇದೆ ಎಂದು ಯಂತ್ರ ಹೇಳಿತು. ಕೋಣೆಗೆ ಮೊಹರು ಬಿತ್ತು. ಅಲ್ಲಿ ಕೆಲಸ ಮಾಡಿದವರೆಲ್ಲ ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕೆಂದಾಯಿತು. ‘ಎಲ್ಲರೂ’ ಎಂದರೂ ದಿನವಿಡೀ ಅಲ್ಲೇ ಇರುತ್ತಿದ್ದವಳು ಇವಳೊಬ್ಬಳೇ. ಬಂದವರು ಕೊಟ್ಟುಹೋದ ಹಾಳೆಯನ್ನು ಮೇಡಂ ಗಟ್ಟಿಯಾಗಿ ಓದತೊಡಗಿದರು. ಕೈ ನಡುಗುವುದು. ಸುಮ್ಮಸುಮ್ಮನೆ ಸಿಡುಕುವುದು. ನಿದ್ದೆ ಬಾರದಿರುವುದು. ಮರೆವು. ಆಮೇಲೆ, ಮನಸ್ಸು ಒಂದು ಕಡೆ ನಿಲ್ಲದೆ...

ಅಲ್ಲಿಗೆ ಮೇಡಂ ಓದುವುದನ್ನು ನಿಲ್ಲಿಸಿದರು. ಯಾವತ್ತೂ ಅವಳ ಮಾತನ್ನು ಮುಗಿಸಿಕೊಡುವವರು ಆ ದಿನ ತಮ್ಮ ಮಾತನ್ನೇ ಮುಗಿಸಲಿಲ್ಲ.

ಮನೆಯಲ್ಲಿ ಗಂಡ, ಅತ್ತೆ. ಗಂಡ ಎಲೆಕ್ಟ್ರಿಷಿಯನ್. ಅತ್ತೆಯ ನಾಲಿಗೆ ಹರಿತ, ಮನಸ್ಸು ಮೆತ್ತಗೆ. ಸೊಸೆ ಒಲೆಯ ಮೇಲೆ ಹಾಲಿಟ್ಟು ಪಾತ್ರೆಯ ಅಂಚಿನ ನೊರೆ ನೋಡುತ್ತಾ ನಿಂತು, ನೋಡುತ್ತಾ ನಿಂತೇ ಹಾಲು ಉಕ್ಕಿಸಿದಾಗೆಲ್ಲ ಅತ್ತೆ ಅಕ್ಕಪಕ್ಕದವರಿಗೆ ಕೇಳುವ ಹಾಗೆ ರಾಗ ಎಳೆಯುತ್ತಿದ್ದರು. ತನ್ನ ಸೊಸೆಯ ತಲೆ ಖಾಲಿಯೇನಿಲ್ಲ, ಯಾರಿಗೋ ಬಾಡಿಗೆಗೆ ಕೊಟ್ಟಿದ್ದಾಳೆ, ಬಾಡಿಗೆಯವರು ಬಿಡುತ್ತಿಲ್ಲ ಅಷ್ಟೇ ಎನ್ನುತ್ತಿದ್ದರು. ಅವಳೂ ಕೂಡಿ ನಗುತ್ತಿದ್ದಳು. ಹಾಗೆ ನಗಿಸುತ್ತಲೇ ಒಲೆ ಒರಸಿ ಮುಗಿಸುತ್ತಿದ್ದರು ಅತ್ತೆ.

ಪರೀಕ್ಷೆಯ ಸುದ್ದಿ ಕೇಳಿದ ಮೇಲೆ ಅತ್ತೆಯ ಬಾಯಿಗೆ ಬೀಗ ಬಿತ್ತು. ಹಾಲು ಉಕ್ಕಿದರೆ, ‘ಇರಲಿ ಬಿಡು’ ಎಂದು ಮೆಲ್ಲಗೆ ಹೇಳಿ ತಾವೇ ಬಟ್ಟೆ ತರುತ್ತಿದ್ದರು. ಅವಳು ಕಿಟಕಿಯ ಹತ್ತಿರ ನಿಂತರೆ ಹಿಂದಿನಿಂದ ಬಂದು ಹಣೆ ಮುಟ್ಟಿ ನೋಡುತ್ತಿದ್ದರು, ಜ್ವರವೇನೋ ಎಂಬಂತೆ. ಆ ಮೆತ್ತನೆಯ ಕೈ ಅವಳಿಗೆ ಹಳೆಯ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಗಂಡನನ್ನು ಒಂದು ಸಂಜೆ ಕೇಳಿಯೇಬಿಟ್ಟಳು. ಅವನು ಹಜಾರದಲ್ಲಿ ಕೂತು ಕೆಟ್ಟ ಫ್ಯಾನಿನ ರೆಕ್ಕೆ ಬಿಚ್ಚುತ್ತಿದ್ದ.

“ರೀ, ನೀವು ನನ್ನ ಮೊದಲು ನೋಡಿದಾಗ್ಲೂ ನಾನು ಹೀಗೇ ಇದ್ನಾ?”

“ಹೀಗೇ ಅಂದ್ರೆ?”

“ಹೀಗೇ. ಇಲ್ಲಿದ್ದೂ ಇಲ್ಲದ ಹಾಗೆ.”

ಅವನಿಗೆ ನಗು ಬಂತು. ಅವನು ಅವಳನ್ನು ಮೊದಲು ನೋಡಿದ್ದು ಅದೇ ಕೋಣೆಯಲ್ಲಿ. ಏಣಿ ಹತ್ತಿ ದೀಪದ ತಂತಿ ಬದಲಿಸುತ್ತಿದ್ದವನು ಕೆಳಗೆ ಕೈಚಾಚಿ ಸ್ಕ್ರೂಡ್ರೈವರ್ ಕೊಡಿ ಎಂದಿದ್ದ. ಅವಳು ಕಿಟಕಿ ನೋಡುತ್ತಲೇ ಅವನ ಕೈಗೊಂದು ಗಾಜಿನ ಕೊಳವೆ ಇಟ್ಟಿದ್ದಳು. ಅವನು ಆ ಕೊಳವೆ ಹಿಡಿದುಕೊಂಡು ಏಣಿಯ ಮೇಲೆಯೇ ಕೂತುಬಿಟ್ಟಿದ್ದ. ಇವಳನ್ನು ಬಿಟ್ಟರೆ ಇನ್ನೊಬ್ಬಳಿಲ್ಲ ಎಂದು ಆ ಹೊತ್ತಿಗೇ ತೀರ್ಮಾನ ಮಾಡಿದ್ದೆ ಎಂದು ಮದುವೆಯಾದ ಮೇಲೆ ಎಷ್ಟು ಸಲ ಹೇಳಿದ್ದನೋ. ಈಗಲೂ ಅದನ್ನೇ ಹೇಳಿ, ಹಗುರ ಮಾಡಲೆಂದು ಇನ್ನೊಂದು ಮಾತು ಸೇರಿಸಿದ.

“ಹಾಗಾದ್ರೆ ನಾನು ಕಟ್ಕೊಂಡಿದ್ದು ನಿನ್ನನ್ನಾ, ಪಾದರಸಾನಾ?”

ಅಂದದ್ದೇ ಅವನಿಗೇ ಮುಖ ಸಪ್ಪಗಾಯಿತು. ಅವಳು ಎದ್ದು ಒಳಗೆ ಹೋದಳು. ಸಿಟ್ಟಿನಿಂದಲ್ಲ. ಅವನು ಕೇಳಿದ್ದು ಅವಳಿಗೂ ಅಷ್ಟೇ ನಿಜವಾದ ಪ್ರಶ್ನೆಯಾಗಿತ್ತು. ಮಕ್ಕಳು ಇಟ್ಟ ಹೆಸರು, ಗಂಡನ ಪ್ರೀತಿ, ಅತ್ತೆಯ ತಮಾಷೆ, ತನ್ನದೆಂದು ಇದ್ದದ್ದೆಲ್ಲ ನೆಲದ ಸಂದಿಯಿಂದ ಮೇಲೆದ್ದ ಆವಿಯೇ ಆಗಿದ್ದರೆ ತಾನೆಂಬುವಳು ಯಾರು? ಔಷಧಿ ಕೊಟ್ಟು ಅದನ್ನು ತೆಗೆದುಹಾಕಿದ ಮೇಲೆ ಉಳಿಯುವವಳು ಈ ಮನೆಗೆ ಪರಿಚಯವಾದರೂ ಇರುತ್ತಾಳೆಯೇ?

ಆ ಕೋಣೆಗೆ ಕಾಲಿಡುವ ಮೊದಲು ತಾನು ಹೇಗಿದ್ದೆ ಎಂದು ನೆನೆಸಿಕೊಳ್ಳಲು ನೋಡಿದಳು. ಏನೂ ಸಿಗಲಿಲ್ಲ. ನೆನಪಿನಲ್ಲಿ ಸದ್ದುಗಳಿದ್ದವು, ತಾನಿರಲಿಲ್ಲ. ಅಪ್ಪ ಅಮ್ಮ ಹೋಗಿ ಕಾಲವಾಗಿತ್ತು. ತಮ್ಮ ತಂಗಿಯರು ಆಗ ತೀರಾ ಚಿಕ್ಕವರು, ಬಲ್ಲವನೆಂದರೆ ಅಣ್ಣ ಒಬ್ಬ. ಊರಿನ ಆ ತುದಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ. ಜಗಳವೇನಿರಲಿಲ್ಲ. ನಾಳೆ ಹೋದರಾಯಿತು, ಮುಂದಿನ ವಾರ ಹೋದರಾಯಿತು ಎನ್ನುತ್ತಾ ಇಬ್ಬರೂ ವರ್ಷಗಳನ್ನು ಕಳೆದಿದ್ದರು.

ಬಸ್ಸು ಹಿಡಿದು ಹೊರಟಳು. ಕಿಟಕಿಯಾಚೆ ಬೀದಿಗಳು ನೀರಿನಲ್ಲಿ ಕಂಡಂತೆ ಅಲುಗುತ್ತಾ ಹಿಂದೆ ಸರಿಯುತ್ತಿದ್ದವು. ಒಬ್ಬ ಹೆಂಗಸು ಮೂರನೆಯ ಅಂತಸ್ತಿನಿಂದ ಬಿಳಿ ಹೊದಿಕೆಯೊಂದನ್ನು ಕೊಡವುತ್ತಿದ್ದಳು. ಅದು ಉಬ್ಬಿ, ಇಳಿದು, ಮತ್ತೆ ಉಬ್ಬಿತು. ಅದನ್ನು ನೋಡುತ್ತಾ ಮನಸ್ಸು ಎತ್ತಲೋ ಹೊರಟಾಗ, ಇದು ನಾನಾ, ಅದಾ ಎಂದು ತನ್ನನ್ನೇ ಹಿಡಿದು ನಿಲ್ಲಿಸಿ ಕೇಳಿಕೊಂಡಳು. ಹಾಗೆ ಕೇಳಿದ್ದೇ ತಡ, ಹೊದಿಕೆ ಬರಿಯ ಹೊದಿಕೆಯಾಯಿತು.

ಅಣ್ಣನ ಅಂಗಡಿ ಬದಲಾಗಿರಲಿಲ್ಲ. ಕೊರಳಲ್ಲಿ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ. ಅವಳನ್ನು ಕಂಡು ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದ.

“ಬುಗುರಿ, ನೀನಾ?”

ಆ ಹೆಸರು ಅವಳಿಗೆ ಮರೆತೇಹೋಗಿತ್ತು. ಕೂತು, ಚಹಾ ಕುಡಿದು, ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, ಚಿಕ್ಕವಳಿದ್ದಾಗ ತಾನು ಹೀಗೆ ಎಲ್ಲೋ ನೋಡುತ್ತಾ ನಿಂತುಬಿಡುತ್ತಿದ್ದೆನೇ ಎಂದು ಕೇಳಿದಳು. ಹೌದು ಎನ್ನಲಿ ಎಂದು ಅವಳ ಜೀವ ಬಾಯಿಗೆ ಬಂದಿತ್ತು.

ಅಣ್ಣ ಗಟ್ಟಿಯಾಗಿ ನಕ್ಕ. ನಿಲ್ಲುವುದೇ? ಇವಳೇ? ಅವರು ಬೆಳೆದದ್ದು ತಗಡು ಬಡಿಯುವ ಕಾರ್ಖಾನೆಯ ಮೇಲಿನ ಎರಡು ಕೋಣೆಗಳಲ್ಲಿ. ಹೊತ್ತು ಮೂಡಿದಾಗಿನಿಂದ ಕೆಳಗೆ ಢಣಢಣ ಸದ್ದು. ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದೇ ಇಲ್ಲ, ಮಾತಾಡಿದರೆ ಕೇಳುತ್ತಿರಲಿಲ್ಲ. ಅಮ್ಮ ಕೆಲಸಕ್ಕೆ ಹೋದ ಮೇಲೆ ತಮ್ಮ ತಂಗಿಯರನ್ನು ಎಬ್ಬಿಸುವುದು, ಉಣಿಸುವುದು, ಅಳುವ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಇನ್ನೊಂದಕ್ಕೆ ತಲೆ ಬಾಚುವುದು, ಅಪ್ಪನ ಕನ್ನಡಕ ಎಲ್ಲಿ, ಯಾರ ಪುಸ್ತಕ ಎಲ್ಲಿ, ಎಲ್ಲ ಇವಳ ತಲೆಯಲ್ಲೇ. ಮನೆಯ ಒಂದು ಗುಂಡಿಸೂಜಿ ಕಳೆದರೂ ಇವಳನ್ನೇ ಕೇಳುತ್ತಿದ್ದರು. ಒಂದು ಕಡೆ ಕೂತವಳಲ್ಲ, ಬಾಯಿ ಮುಚ್ಚಿದವಳಲ್ಲ. ಅದಕ್ಕೇ ತಾನು ಬುಗುರಿ ಎಂದು ಹೆಸರಿಟ್ಟದ್ದು.

“ಮರೆಯೋಳೇ ಅಲ್ಲ ನೀನು,” ಎಂದ ಅಣ್ಣ, ಮತ್ತೆ ಬಟ್ಟೆ ಎಳೆದುಕೊಳ್ಳುತ್ತಾ. “ಮರೆಯೋಕೆ ಪುರಸೊತ್ತಾದ್ರೂ ಎಲ್ಲಿತ್ತು ನಿನಗೆ?”

ಆ ಕೊನೆಯ ಮಾತು ಅವಳ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಹಾಗಾದರೆ ಪಾದರಸವೇ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಅಣ್ಣನಿಗೆ ತನ್ನ ಮಾತಿನಿಂದ ಏನೋ ಎಡವಟ್ಟಾಯಿತು ಎಂದು ತಡವಾಗಿ ತಿಳಿದು, ಅವಳು ಹೊರಟಾಗ ಟೇಪನ್ನು ಕೊರಳಲ್ಲಿ ಹಾಗೇ ನೇತುಹಾಕಿಕೊಂಡು ಬಸ್ ಸ್ಟಾಪಿನವರೆಗೂ ಬಂದ. ರಿಪೋರ್ಟು ಬಂದ ದಿನ ಫೋನು ಮಾಡು ಎಂದ. ಮಾಡುತ್ತೇನೆ ಎಂದಳು.

ರಿಪೋರ್ಟು ಬಂದಾಗ ಗಂಡನೂ ಜೊತೆಗಿದ್ದ. ವೈದ್ಯೆ ಚಿಕ್ಕ ವಯಸ್ಸಿನವಳು, ಮುಂಗೈ ಮೇಲೆ ಶಾಯಿಯಲ್ಲಿ ಏನೋ ಬರೆದುಕೊಂಡಿದ್ದಳು. ಹಾಳೆಯನ್ನು ಎರಡು ಸಲ ಓದಿ, ಇರುವುದು ಏನೇನೂ ಅಲ್ಲ, ಪಾದರಸವನ್ನು ಕಣ್ಣಿಂದ ನೋಡದವರಲ್ಲೂ ಇಷ್ಟು ಇರುತ್ತದೆ ಎಂದಳು. ಅಷ್ಟು ವರ್ಷ ಆ ಕೋಣೆಯಲ್ಲಿದ್ದವರಿಗೆ ಇಷ್ಟೇ ಇರುವುದು ಆಶ್ಚರ್ಯ ಎನ್ನುತ್ತಾ, ಕೋಣೆಗೆ ಗಾಳಿ ಹೇಗೆ ಎಂದು ಕೇಳಿದಳು.

ಅವಳಿಗಿಂತ ಮೊದಲು ಗಂಡನೇ ಉತ್ತರ ಹೇಳಿದ. “ಅಲ್ಲಿ ಗಾಳಿಯದ್ದೇ ಕಾಟ, ಡಾಕ್ಟ್ರೇ. ಇವಳು ಕಿಟಕಿ ಮುಚ್ಚೋಕೆ ಯಾರನ್ನೂ ಬಿಡಲ್ಲ. ಮೋಡ ನೋಡ್ಬೇಕಲ್ಲ.”

ವೈದ್ಯೆ ತಲೆಯೆತ್ತಿ ಅವಳನ್ನು ನೋಡಿದಳು. ಯಂತ್ರ ಅಳೆದದ್ದು ಮುಚ್ಚಿಟ್ಟ ಕೋಣೆಯ ಗಾಳಿಯನ್ನು. ಇವರು ಉಸಿರಾಡಿದ್ದು ಹೊರಗಿನ ಗಾಳಿಯನ್ನು. ಆ ಕಿಟಕಿಗಳೇ ಕಾಪಾಡಿದ್ದಿರಬೇಕು ಎಂದಳು.

ಗಂಡ ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದ. ಆದರೆ ಅವಳು ಏಳಲಿಲ್ಲ. ಮತ್ತೆ ತನ್ನ ಮನಸ್ಸು ಹೀಗೇಕೆ, ಚಿಕ್ಕಂದಿನಲ್ಲಿ ಹೀಗಿರಲಿಲ್ಲವಂತಲ್ಲ ಎಂದು ಕೇಳಿದಳು. ಬುಗುರಿಯ ವಿಷಯ, ತಗಡಿನ ಸದ್ದಿನ ವಿಷಯ, ಅಳುವ ಮಗುವಿನ ವಿಷಯ ಎಲ್ಲ ಹೇಳಿದಳು. ಹೊರಗೆ ಕಾಯುವವರಿದ್ದರೂ ವೈದ್ಯೆ ಅವಸರಪಡಿಸದೆ ಕೇಳಿ, ಆಮೇಲೆ ಅಷ್ಟೇ ಸರಳವಾಗಿ ಒಂದು ಪ್ರಶ್ನೆ ಹಾಕಿದಳು.

“ಆ ಕೋಣೆಗೆ ಬರೋಕ್ಕಿಂತ ಮುಂಚೆ ನಿಮಗೇ ಅಂತ ಒಂದು ಕೋಣೆ ಇತ್ತಾ?”

ಅವಳು ಯೋಚಿಸಿದಳು. ಇರಲಿಲ್ಲ. ಕೋಣೆಯಿರಲಿ, ಒಂದು ಮೂಲೆಯೂ ಇರಲಿಲ್ಲ. ಮರೆಯೋಕೆ ಪುರಸೊತ್ತಾದ್ರೂ ಎಲ್ಲಿತ್ತು ಎಂದು ಅಣ್ಣ ಹೇಳಿದ್ದು ಆಗ, ಊರಿನ ಆ ತುದಿಯಿಂದ ನಡೆದುಕೊಂಡು ಬಂದ ಹಾಗೆ, ನಿಧಾನವಾಗಿ ಬಂದು ಅವಳ ಎದುರು ನಿಂತಿತು. ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಾಯಿತು. ಬಾಗಿಲು ತೆಗೆದರೆ ಸಾಲುಸಾಲು ಬಾಟಲಿಗಳು. ಒಂದೂ ಅಳುತ್ತಿರಲಿಲ್ಲ. ಒಂದಕ್ಕೂ ಹಸಿವಿರಲಿಲ್ಲ. ಹೆಸರು ಬರೆದು, ತೂಗಿ, ಜಾಗದಲ್ಲಿಟ್ಟರೆ ಇಟ್ಟಲ್ಲೇ ಇರುತ್ತಿದ್ದವು. ಎಲ್ಲ ಮುಗಿಸಿ ಇನ್ನೇನು ಎಂದು ಸುತ್ತ ನೋಡಿದರೆ ಇನ್ನೇನೂ ಇರಲಿಲ್ಲ. ಎರಡು ಕಿಟಕಿಗಳಿದ್ದವು, ಅದರಾಚೆ ಆಕಾಶವಿತ್ತು. ಹುಟ್ಟಿದಾಗಿನಿಂದ ಸುತ್ತಿದ ಬುಗುರಿ ಅಲ್ಲಿ ನಿಂತಿತ್ತು.

ಆಸ್ಪತ್ರೆಯಿಂದ ಹೊರಗೆ ಬಂದು ಗಂಡನಿಗೆ ಇದನ್ನು ಹೇಳಲು ನೋಡಿದಳು, ಅರ್ಧ ಹೇಳಿದಳು. ಉಳಿದರ್ಧ ಅವನಿಗೆ ಬೇಕಾಗಿರಲಿಲ್ಲ. ರಸ್ತೆ ದಾಟುವಾಗ ಅವಳ ಕೈ ಹಿಡಿದವನು ಆಚೆ ದಡ ಸೇರಿದ ಮೇಲೂ ಬಿಡಲಿಲ್ಲ.

ಕೆಲವು ದಿನಗಳ ನಂತರ ನೆಲ ಕಿತ್ತರು. ಮುಖವಾಡ ಹಾಕಿಕೊಂಡು, ಪ್ಲಾಸ್ಟಿಕ್ ಪರದೆಯ ಈಚೆ ಮೇಡಂ ಜೊತೆ ನಿಂತು ನೋಡಲು ಅವಳಿಗೂ ಅವಕಾಶ ಸಿಕ್ಕಿತು. ಬಿಳಿ ಉಡುಪಿನವರು ಹಲಗೆಗಳನ್ನು ಒಂದೊಂದಾಗಿ ಎಬ್ಬಿಸಿದರು. ಮಂಜಿನಲ್ಲಿ ನಡೆಯುವವರ ಹಾಗೆ ಅವರ ಚಲನೆಯೆಲ್ಲ ಮೆಲ್ಲಗೆ, ಸದ್ದಿಲ್ಲದೆ. ದೊಡ್ಡ ಹನಿಗಳನ್ನು ಕೊಳವೆಯಲ್ಲಿ ಹೀರಿದರು, ಸಿಗದ ಸಣ್ಣವುಗಳ ಮೇಲೆ ಗಂಧಕದ ಪುಡಿ ಚೆಲ್ಲಿದರು. ಹಳದಿ ಧೂಳು ಬಿದ್ದಲ್ಲಿ ಹೊಳಪು ಮಂಕಾಗುತ್ತಾ ಹೋಯಿತು. ಮಕ್ಕಳ ಅಂಗೈಗಳಿಂದ ಜಾರಿದ್ದೆಲ್ಲ ಕೊನೆಗೆ ಒಂದು ದಪ್ಪ ಗಾಜಿನ ಬಾಟಲಿಯ ತಳದಲ್ಲಿ ಸೇರಿಕೊಂಡಿತು. ನೋಡಲು ಅಷ್ಟೇ ಅಷ್ಟು. ಎತ್ತಿದವನ ಮಣಿಕಟ್ಟು ಮಾತ್ರ ಸೀಸದ ಗುಂಡು ಹಿಡಿದಂತೆ ಬಾಗಿತು.

ಅದನ್ನು ರಿಜಿಸ್ಟರಿನಲ್ಲಿ ಏರಿಸಬೇಕಿತ್ತು. ಅಡ್ಡಗೆರೆ ಎಳೆದ ಪುಟದ ಕೆಳಗೆ ಹೊಸ ಸಾಲು. ಬಂದ ದಿನ, ಹೋದ ದಿನ ಎರಡೂ ಒಂದೇ. ಆದರೆ ಯಾರಿಂದ ಬಂತು ಎಂಬಲ್ಲಿ ಪೆನ್ನು ನಿಂತಿತು. ಸರಬರಾಜು ಮಾಡಿದವರ ಹೆಸರು ಬರೆಯುವ ಜಾಗ ಅದು. ಮೇಡಂ ಬಗ್ಗಿ ನೋಡಿ, ಹಿಂದಿನ ವಿದ್ಯಾರ್ಥಿಗಳ ಕೊಡುಗೆ ಎಂದು ಹಾಕಿ ಎಂದರು. ಮುಖ ಮಾತ್ರ ಗಂಭೀರ. ಇಬ್ಬರಿಗೂ ಎಷ್ಟು ನಗು ಬಂತೆಂದರೆ ಪರದೆಯಾಚೆಯ ಬಿಳಿ ಉಡುಪಿನವರು ತಿರುಗಿ ನೋಡಿದರು. ಕೊನೆಗೆ ಅವಳು ‘ನೆಲದಿಂದ’ ಎಂದಷ್ಟೇ ಬರೆದು ಸಹಿ ಮಾಡಿದಳು.

ಕೋಣೆಗೆ ಹೊಸ ನೆಲ ಬಂತು. ಬೂದು ಬಣ್ಣದ ನುಣ್ಣನೆಯ ಹಾಸು, ಒಂದೂ ಸಂದಿಯಿಲ್ಲ, ನಡೆದರೆ ಗೊಣಗುವುದಿಲ್ಲ. ಗೋಡೆಯಲ್ಲಿ ಗಾಳಿ ಹೊರಗೆ ಎಳೆಯುವ ಫ್ಯಾನು. ಎಲ್ಲ ಸರಿಹೋಯಿತು ಎಂದು ಎಲ್ಲರೂ ಅಂದುಕೊಂಡರು.

ಅವಳಿಗೇ ಸರಿಹೋಗಲಿಲ್ಲ. ವೈದ್ಯೆ ಹೇಳಿದ್ದರಲ್ಲಿ ನಂಬಿಕೆಯಿದ್ದರೂ ತನ್ನ ಮೇಲೆ ತಾನು ಕಣ್ಣಿಡುವ ಅಭ್ಯಾಸ ಅಂಟಿಕೊಂಡಿತ್ತು. ಮನಸ್ಸು ಕಿಟಕಿಯತ್ತ ಹೊರಟರೆ ಹಿಂದೆಯೇ ಇನ್ನೊಬ್ಬಳು ಓಡಿಹೋಗಿ ಎಳೆದುತರುತ್ತಿದ್ದಳು. ಮಾತುಗಳೆಲ್ಲ ಪೂರ್ತಿಯಾಗಿ ಮುಗಿಯುತ್ತಿದ್ದವು. ಮಕ್ಕಳು ಬೀಕರು ಹಿಡಿದು ಕಾಯುವ ಪ್ರಮೇಯವೇ ಬರಲಿಲ್ಲ, ಅವರಿಗೂ ಏನೋ ಕಳೆದುಕೊಂಡ ಹಾಗಾಯಿತು. ಮನೆಯಲ್ಲಿ ಹಾಲು ಉಕ್ಕುವುದು ನಿಂತಿತು. ಅತ್ತೆ ಮೊದಮೊದಲು ಸಂತೋಷಪಟ್ಟರು. ಆಮೇಲೆ ಒಂದು ದಿನ ಮಗನನ್ನು ಹತ್ತಿರ ಕರೆದು, ಮನೆಯಲ್ಲಿ ಯಾರೋ ನೆಂಟರು ಬಂದು ಉಳಿದುಕೊಂಡ ಹಾಗಿದೆ, ಎಷ್ಟೊಂದು ಚೊಕ್ಕ, ಬೈಯಲಿಕ್ಕೇ ಏನೂ ಸಿಗುವುದಿಲ್ಲ ಎಂದರಂತೆ.

ಅದನ್ನು ಗಂಡ ಬಂದು ಹೇಳಿದ. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವಳು ಅತ್ತೆಯ ಪಕ್ಕ ಹೋಗಿ ಕೂತಳು. ಏನಾಗಿದೆ ಎಂದು ಕೇಳಲಿಲ್ಲ ಅತ್ತೆ. ಅವಳ ಕೂದಲ ಸಿಕ್ಕು ಬಿಡಿಸುತ್ತಾ ಮಾತ್ರ, “ನಿನ್ನ ಬಾಡಿಗೆಯವರು ಎಲ್ಲಿಗೆ ಹೋದ್ರೇ? ಪಾಪ, ಒಳ್ಳೆ ಜನ. ವಾಪಸ್ ಕರಿ,” ಎಂದರು.

ಆ ವಾರದ ಕೊನೆಗೆ ಅಣ್ಣ ಬಂದ. ರಿಪೋರ್ಟಿನ ಸುದ್ದಿ ಫೋನಿನಲ್ಲಿ ಹೇಳಿದ್ದಳು, ಆದರೂ ಕಣ್ಣಾರೆ ನೋಡಬೇಕು ಎಂದು ಬಂದ. ಅವಳಿಗಾಗಿ ಲ್ಯಾಬಿನ ಬಿಳಿ ಕೋಟು ಹೊಲಿದು ತಂದಿದ್ದ. ಅಳತೆ ತೆಗೆದಿರಲಿಲ್ಲ, ಅಂಗಡಿಯಲ್ಲಿ ಚಹಾ ಕುಡಿಯುವಾಗ ಕಣ್ಣಳತೆಯಲ್ಲೇ ಹಿಡಿದಿದ್ದ. ತೋಳು ಒಂದು ಚೂರು ಉದ್ದವಾಗಿತ್ತು. ಮಡಚಿಕೊಂಡರಾಯಿತು ಎಂದಳು. ಊಟವಾಯಿತು, ಅತ್ತೆಯ ತಮಾಷೆಗಳಾದವು. ಅಣ್ಣನೂ ಅತ್ತೆಯೂ ಅವಳ ಎರಡು ಕಾಲದ ಕಥೆಗಳನ್ನು ಎದುರುಬದುರು ಕೂತು ಹೇಳಿಕೊಂಡರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಂಬಲಿಲ್ಲ. ಒಬ್ಬಳೇ ಸೊಸೆಯಲ್ಲಿ ಇಬ್ಬರು ಇದ್ದಾರೆಂದು ಗೊತ್ತಿದ್ದರೆ ಕೆಲಸ ಹಂಚುತ್ತಿದ್ದೆ ಎಂದರು ಅತ್ತೆ.

ಹೊತ್ತು ಇಳಿಯುವಾಗ ಅವಳು ಅಣ್ಣನನ್ನು ಬಸ್ಸು ಹತ್ತಿಸಲು ಹೋದಳು. ಬಸ್ ಸ್ಟಾಪಿನಲ್ಲಿ ಒಂದು ಕಲ್ಲುಬೆಂಚು, ಅದರ ಎದುರು ರಸ್ತೆಯಾಚೆ ಖಾಲಿ ಬಯಲು. ಬಯಲಿನ ಮೇಲೆ ಆಕಾಶ ತುಂಬ ತಗ್ಗಿ ಬಂದಿತ್ತು. ಬಿಳಿಯೂ ಅಲ್ಲದ, ಬೂದೂ ಅಲ್ಲದ ಮೋಡಗಳು ಒಂದರ ಬೆನ್ನಿಗೊಂದು, ಎಲ್ಲಿಗೂ ಹೋಗುವ ತರಾತುರಿಯಿಲ್ಲದೆ ಸಾಗುತ್ತಿದ್ದವು. ಒಂದರ ಅಂಚಿಗೆ ಬೆಳಕು ಹಿಡಿದಿತ್ತು. ಅಣ್ಣ ಅದನ್ನೇ ನೋಡುತ್ತಿದ್ದ. ದಿನವಿಡೀ ಸೂಜಿಯ ತುದಿ ನೋಡುವ ಅವನ ಕಣ್ಣು ಅಷ್ಟು ದೂರಕ್ಕೆ ಹೋದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

“ಅಮ್ಮನೂ ಇದನ್ನ ನೋಡ್ಬೇಕಿತ್ತು,” ಎಂದ ಅವನು. ಏನನ್ನು ಎಂದು ಹೇಳಲಿಲ್ಲ.

ಅವಳು ಹೂಂ ಎಂದಳು. ಬೆಳಕು ಹಿಡಿದ ಅಂಚು ಕರಗಿ ಎರಡಾಯಿತು, ಎರಡೂ ಬೇರೆ ಬೇರೆ ದಾರಿ ಹಿಡಿದವು. ಇನ್ನೊಂದರ ಹೊಟ್ಟೆಯೊಳಗಿಂದ ತಿಳಿಗೆಂಪು ಬಣ್ಣವೊಂದು ಮೆಲ್ಲಗೆ ಏಳುತ್ತಿತ್ತು. ಹಿಂದಿನಿಂದ ಓಡಿಬಂದು ಎಳೆಯುವವಳು ಈ ಸಲ ಬರಲಿಲ್ಲ. ಮನಸ್ಸು ಯಾವಾಗ ಹೊರಟಿತು ಎಂಬುದೂ ಅವಳಿಗೆ ತಿಳಿಯಲಿಲ್ಲ.

ಬಸ್ಸು ಬಂತು. ಬೆಂಚಿನ ಮುಂದೆಯೇ ನಿಂತು, ಬಾಗಿಲು ತೆರೆದು, ಒಮ್ಮೆ ಹಾರ್ನು ಹಾಕಿ, ಕೂತ ಇಬ್ಬರಲ್ಲಿ ಒಬ್ಬರೂ ಏಳದ್ದನ್ನು ಕಂಡು ಬಾಗಿಲು ಮುಚ್ಚಿಕೊಂಡು ಹೋಯಿತು. ಅದರ ಹಿಂದಿನ ಬಸ್ಸೂ ಹೋಯಿತು.